ಗೋಡೆಯೊಳಗೆ ಹೂತ ಮಣ್ಣಿನ ಮೊಳೆ: ಯಾರೂ ಓದಲಾಗದ ಕಡೆ ದೊರೆ ಬರೆಸಿದ್ದೇಕೆ?

ತುಂಗಾತೀರ
ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಅಲ್ಲಿನ ವಸ್ತುಸಂಗ್ರಹಾಲಯವೊಂದರಲ್ಲಿ ಗೇಣಿಗಿಂತ ಚಿಕ್ಕದಾದ ಒಂದು ಮಣ್ಣಿನ ಮೊಳೆಯನ್ನು ನೋಡಿದೆ. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಅಣಬೆಯಂಥ ತಲೆ. ಮೈತುಂಬ ಗೀರುಗೀರಾದ ಬರಹ. ಲಗಾಶ್‌ನ ದೊರೆ ಗುಡೇಯಾ ಇದನ್ನು ಮಾಡಿಸಿದ್ದು, ಗಿರ್ಸು ಪಟ್ಟಣದ ದೇಗುಲದ ಗೋಡೆಯಲ್ಲಿ ಇದ್ದದ್ದು, ಕ್ರಿ.ಪೂ. 22ನೆಯ ಶತಮಾನದ್ದು ಎಂದು ಫಲಕದಲ್ಲಿತ್ತು. ಅಂದರೆ ಇಂದಿನ ದಕ್ಷಿಣ ಇರಾಕ್, ಆಗಿನ ಸುಮೇರಿಯನ್ನರ ನಾಡು.

ಅಂದಿನಿಂದ ಒಂದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಮೊಳೆ ಗೋಡೆಯೊಳಗೆ ಹೋದರೆ ಬರಹವೂ ಗೋಡೆಯೊಳಗೆ ಹೋಯಿತು. ಹೊರಗೆ ಉಳಿಯುವುದು ತಲೆಯೊಂದೇ. ನಮ್ಮ ಊರಿನ ದೇವಸ್ಥಾನದ ಮುಂದಿರುವ ಶಾಸನದ ಕಲ್ಲನ್ನು ನಾಲ್ಕು ಜನರ ಕಣ್ಣಿಗೆ ಬೀಳಲೆಂದೇ ನಿಲ್ಲಿಸಿದ್ದಾರೆ. ಇವರೇಕೆ ಬರೆದು ಬಚ್ಚಿಟ್ಟರು?

ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಸೋದರಮಾವ ಇಂಥದೇ ಒಂದು ಮೊಳೆಯನ್ನು ಅಂತರಜಾಲದ ಹರಾಜಿನಲ್ಲಿ ಕೊಳ್ಳಲು ಹೊರಟಿದ್ದಾರೆ. "ಒಂದೇ ಬರಹ ನೂರಾರು ಮೊಳೆಗಳ ಮೇಲಿದೆ. ಅದರಲ್ಲಿ ಒಂದು ನನ್ನ ಮನೆಯಲ್ಲಿದ್ದರೆ ಯಾರಿಗೇನು ನಷ್ಟ?" ಎಂಬುದು ಅವರ ವಾದ. ನನ್ನ ಮನಸ್ಸು ಒಪ್ಪುತ್ತಿಲ್ಲ, ಆದರೆ ಅವರಿಗೆ ಕೊಡುವ ಉತ್ತರವೂ ಹೊಳೆಯುತ್ತಿಲ್ಲ. ತಿಳಿದವರು ಹೇಳಿ.

ಬೆಣೆಲಿಪಿ
ತುಂಗಾತೀರ ಅವರೇ, ನೀವು ನೋಡಿದ ಮೊಳೆಯ ಬರಹ ಬಹುಮಟ್ಟಿಗೆ ಇದೇ ಇರಬೇಕು. ಗುಡೇಯಾನ ಮೊಳೆಗಳಲ್ಲಿ ಅತಿ ಹೆಚ್ಚು ಸಿಕ್ಕಿರುವುದು ಈ ಪಾಠ:

"ಎನ್‌ಲಿಲ್‌ನ ಬಲಶಾಲಿ ವೀರ ನಿನ್‌ಗಿರ್ಸುವಿಗೆ, ಲಗಾಶ್‌ನ ಒಡೆಯ ಗುಡೇಯಾ ಸಲ್ಲಬೇಕಾದುದೆಲ್ಲ ಸಲ್ಲುವಂತೆ ಮಾಡಿದನು, ಬಿಳಿಯ ಅಂಜು ಹಕ್ಕಿಯಾದ ಎನಿನ್ನು ದೇಗುಲವನ್ನು ಅವನಿಗಾಗಿ ಕಟ್ಟಿದನು, ಅದರ ನೆಲೆಗೆ ಮರಳಿಸಿದನು."

ಎನ್‌ಲಿಲ್ ಸುಮೇರಿಯನ್ನರ ಹಿರಿಯ ದೇವರು. ಎನಿನ್ನು ಎಂದರೆ 'ಐವತ್ತರ ಮನೆ'. ಅಂಜು ಎಂದರೆ ಸಿಂಹದ ತಲೆಯ ಹದ್ದು, ನಿನ್‌ಗಿರ್ಸು ದೇವರ ಲಾಂಛನ. ಎಲ್ಲ ಸೇರಿ ಹತ್ತು ಸಾಲು. ಯಾರು, ಯಾವ ದೇವರಿಗೆ, ಯಾವ ಕಟ್ಟಡವನ್ನು ಕಟ್ಟಿದ ಎಂಬ ಮೂರೇ ಸಂಗತಿ. ದಾನವಿಲ್ಲ, ಭೂಮಿಯ ಎಲ್ಲೆಯಿಲ್ಲ, ಸಾಕ್ಷಿಗಳಿಲ್ಲ. ದಾರಿಹೋಕರು ಓದಲಿ ಎಂದು ಬರೆದ ಬರಹವೇ ಅಲ್ಲ ಇದು. ಓದುವವರು ಇಬ್ಬರೇ: ದೇವರು, ಮತ್ತು ಮುಂದೊಂದು ದಿನ ಆ ಗೋಡೆ ಬಿದ್ದಾಗ ಅದನ್ನು ಮತ್ತೆ ಕಟ್ಟಲು ಬರುವ ದೊರೆ.

ಕಟ್ಟಡದ ಕೆಲಸ
ನಾನು ಮೂವತ್ತು ವರ್ಷ ಕಟ್ಟಡಗಳ ಕೆಲಸ ಮಾಡಿಸಿದವನು. ದೇವರು ಓದುತ್ತಾನೆ ಎಂಬುದೆಲ್ಲ ಆಮೇಲಿನ ವಿವರಣೆ. ಅದು ಹಸಿ ಇಟ್ಟಿಗೆಯ ನಾಡು, ಕಲ್ಲಿಲ್ಲ, ಒಳ್ಳೆಯ ಮರವಿಲ್ಲ. ಮಣ್ಣಿನ ಗೋಡೆಯ ಮೈ ಉದುರದಂತೆ ಸುಟ್ಟ ಮೊಳೆಗಳನ್ನು ಒತ್ತೊತ್ತಾಗಿ ಹೂಳುತ್ತಿದ್ದರು ಎಂದು ಓದಿದ್ದೇನೆ. ಗೋಡೆಗೆ ಒಂದು ಗಟ್ಟಿ ಚರ್ಮ ಬಂದಂತೆ. ಬಣ್ಣ ಬಳಿದರೆ ಅಲಂಕಾರವೂ ಆಯಿತು.

ಬೆಣೆಲಿಪಿ
ಸರ್, ನೀವು ಓದಿದ್ದು ನಿಜ, ಆದರೆ ಆ ಮೊಳೆಗಳೇ ಬೇರೆ. ಇವೆರಡನ್ನು ಕಲಸಿಬಿಡುವುದು ಎಲ್ಲ ಕಡೆ ನಡೆಯುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ಹೇಳುವುದು ಉರುಕ್ ಪಟ್ಟಣದ ಶಂಕುಗಳು. ಕಾಲ ಕ್ರಿ.ಪೂ. 4ನೆಯ ಸಹಸ್ರಮಾನ, ಅಂದರೆ ಗುಡೇಯಾನಿಗಿಂತ ಸಾವಿರ ವರ್ಷಕ್ಕೂ ಹಿಂದೆ. ಅವುಗಳ ಮೇಲೆ ಒಂದಕ್ಷರವೂ ಇಲ್ಲ. ತಲೆಯ ತುದಿಗೆ ಕೆಂಪು, ಕಪ್ಪು, ಬಿಳಿ ಬಣ್ಣ. ಎಆನ್ನಾ ದೇಗುಲದ ಆವರಣದ ಗೋಡೆ ಮತ್ತು ದಪ್ಪ ಕಂಬಗಳ ಮೈಗೆ ಸಾವಿರಾರು ಶಂಕುಗಳನ್ನು ಒಂದರ ಪಕ್ಕ ಒಂದರಂತೆ ಒತ್ತಿ, ಅಂಕುಡೊಂಕು ಗೆರೆ, ವಜ್ರಾಕೃತಿ, ತ್ರಿಕೋನಗಳನ್ನು ಮೂಡಿಸಿದ್ದರು. ಚಾಪೆಯ ನೇಯ್ಗೆಯನ್ನು ನೋಡಿದಂತೆ ಕಾಣುತ್ತದೆ. ವಿಲಿಯಂ ಲಾಫ್ಟಸ್ ಎಂಬ ಇಂಗ್ಲಿಷರವನು 1850ರ ಸುಮಾರಿಗೆ ವರ್ಕಾದಲ್ಲಿ, ಅಂದರೆ ಹಳೆಯ ಉರುಕ್‌ನಲ್ಲಿ, ಇಂಥ ಗೋಡೆಯೊಂದನ್ನು ನೋಡಿ ದಾಖಲಿಸಿದ. ಮುಂದೆ ಜರ್ಮನ್ನರು ಅಗೆದಾಗ ಸಿಕ್ಕ ಇಂಥ ಶಂಕುಗಳ ಚಿತ್ತಾರವನ್ನು ಮತ್ತೆ ಜೋಡಿಸಿ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಬರಹವಿರುವ ಮೊಳೆಗಳು ಆರಂಭಿಕ ರಾಜವಂಶಗಳ ಕಾಲದಿಂದ, ಅಂದರೆ ಉರುಕ್‌ನ ಶಂಕುಗಳ ನಂತರ, ಗುಡೇಯಾನಿಗಿಂತ ಮೊದಲಿನ ಕಾಲದಿಂದ ಬರುತ್ತವೆ. ಇವುಗಳನ್ನು ಒತ್ತೊತ್ತಾಗಿ ಜೋಡಿಸಿ ಚಿತ್ತಾರ ಬಿಡಿಸುತ್ತಿರಲಿಲ್ಲ. ಗೋಡೆಯನ್ನು ಗಟ್ಟಿ ಮಾಡುವುದು ಇವುಗಳ ಕೆಲಸವಲ್ಲ.

ಕಟ್ಟಡದ ಕೆಲಸ
ಸರಿ, ಒಪ್ಪಿದೆ. ನಾನು ಉರುಕ್‌ನ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಆದರೆ ಮೊಳೆ ಎಂದೊಡನೆ ಗೋಡೆಗೆ 'ಹೊಡೆಯುವುದು' ಎಂದು ತಿಳಿಯುವುದಕ್ಕೆ ನನ್ನ ತಕರಾರಿದೆ. ಒಣಗಿದ ಗೋಡೆಗೆ ಸುತ್ತಿಗೆಯಲ್ಲಿ ಹೊಡೆದರೆ ಮಣ್ಣಿನ ಮೊಳೆಯೇ ಪುಡಿಯಾಗುತ್ತದೆ. ಇಟ್ಟಿಗೆಯ ವರಸೆಗಳು ಏರುತ್ತಿರುವಾಗಲೇ ಹಸಿ ಗಾರೆಯಲ್ಲಿ ಕೂರಿಸಿರಬೇಕು. ಅಂದರೆ ಗೋಡೆ ಕಟ್ಟುವ ಮೇಸ್ತ್ರಿಯ ಪಕ್ಕದಲ್ಲಿ ಮೊಳೆಗಳ ಬುಟ್ಟಿ ಹಿಡಿದ ಒಬ್ಬ ಆಳು ನಿಂತಿರಲೇಬೇಕು. ಆ ದೃಶ್ಯ ನನ್ನ ಕಣ್ಣಿಗೆ ಕಟ್ಟುತ್ತದೆ.

ಪದದ ಬೆನ್ನು
ಯಾರೂ ಗಮನಿಸಲಿಲ್ಲವೇ? ನಾವು ಕಟ್ಟಡದ ಕೆಲಸ ಶುರುಮಾಡುವುದನ್ನು ಏನೆಂದು ಕರೆಯುತ್ತೇವೆ? ಶಂಕುಸ್ಥಾಪನೆ! ಶಂಕು ಎಂದರೆ ಗೂಟ, ಮೊಳೆ. ಇಂದು ಮಂತ್ರಿಗಳು ಕಲ್ಲಿನ ಫಲಕದ ಪರದೆ ಸರಿಸಿದರೂ ಪತ್ರಿಕೆಯಲ್ಲಿ ಶಂಕುಸ್ಥಾಪನೆ ಎಂದೇ ಬರುತ್ತದೆ. ನೆಲಕ್ಕೆ ಗೂಟ ನೆಟ್ಟು ಕಟ್ಟಡದ ಜಾಗವನ್ನು ಗುರುತು ಮಾಡಿದ ಕಾಲದ ನೆನಪು ಆ ಪದದೊಳಗೆ ಇನ್ನೂ ಕುಳಿತಿದೆ. ಮೆಸೊಪೊಟೇಮಿಯಾದ ದೊರೆ ಮಾಡಿದ್ದೂ ಅಕ್ಷರಶಃ ಶಂಕುಸ್ಥಾಪನೆಯೇ. ಅವರ ಲಿಪಿಯನ್ನು ನಾವು ಬೆಣೆಯಾಕಾರದ ಲಿಪಿ ಎನ್ನುತ್ತೇವೆ, ಕೀಲಾಕ್ಷರ ಎಂದವರೂ ಇದ್ದಾರೆ. ಮೊಳೆಯ ಮೇಲೆ ಮೊಳೆಯಂಥ ಅಕ್ಷರ. ಇಡೀ ದಿನ ಇದೇ ಖುಷಿಯಲ್ಲಿದ್ದೇನೆ.

ಒಂದೇ ಮೂಲ
ನಾನು ಬಹಳ ಕಾಲದಿಂದ ಹೇಳುತ್ತಿರುವುದೂ ಇದನ್ನೇ. ಸುಮೇರಿಯನ್ನರು ನಮ್ಮವರೇ. 'ಊರ್' ಎಂಬ ಪಟ್ಟಣದ ಹೆಸರೇ ಸಾಕ್ಷಿ, ಅದು ನಮ್ಮ 'ಊರು'. ಶಂಕುಸ್ಥಾಪನೆಯೂ ಇಲ್ಲಿಂದಲೇ ಅಲ್ಲಿಗೆ ಹೋಗಿದೆ.

ಶಾಸನದ ಹಾದಿ
ದಯವಿಟ್ಟು ಬೇಡ. ಸುಮೇರಿಯನ್ ಭಾಷೆಗೆ ಯಾವ ಭಾಷೆಯೊಂದಿಗೂ ನಂಟು ಸಾಬೀತಾಗಿಲ್ಲ. ನೂರೈವತ್ತು ವರ್ಷಗಳಿಂದ ಹಂಗೇರಿಯನ್ನರು, ತುರ್ಕರು, ಬಾಸ್ಕರು ಎಲ್ಲರೂ ಹೀಗೇ ಒಂದೊಂದು ಪದ ಹಿಡಿದು ಬಂದಿದ್ದಾರೆ. ಸುಮೇರಿಯನ್ನಿನಲ್ಲಿ ಪಟ್ಟಣಕ್ಕೆ 'ಉರು' ಎಂಬ ಪದವಿದೆ ಎಂಬುದು ನಿಜ, ಆದರೆ ಎರಡಕ್ಷರದ ಹೋಲಿಕೆಯಿಂದ ಭಾಷೆಗಳ ನಂಟು ಹುಟ್ಟುವುದಿಲ್ಲ. ಧ್ವನಿಗಳ ನಡುವೆ ಕ್ರಮಬದ್ಧವಾದ ಹೊಂದಾಣಿಕೆ ನೂರಾರು ಪದಗಳಲ್ಲಿ ಕಾಣಬೇಕು. ಮತ್ತೆ 'ಶಂಕು' ಸಂಸ್ಕೃತದ ಪದ, ಅದಕ್ಕೂ ಸುಮೇರಿಗೂ ಏನೂ ಇಲ್ಲ. ಸುಮೇರಿಯನ್ನಿನಲ್ಲಿ ಈ ಮೊಳೆಗೆ 'ಗಗ್' ಎನ್ನುತ್ತಿದ್ದರು, ಅದೇ ನಾಡಿನ ಇನ್ನೊಂದು ಭಾಷೆಯಾದ ಅಕ್ಕಾಡಿಯನ್ನಿನಲ್ಲಿ 'ಸಿಕ್ಕತು'.

ನಿಜವಾದ ನಂಟು ಬೇಕಿದ್ದರೆ ಗುಡೇಯಾನ ಬರಹಗಳಲ್ಲೇ ಇದೆ. ಇದೇ ಎನಿನ್ನು ದೇಗುಲವನ್ನು ಕಟ್ಟಿದ ಕಥೆಯನ್ನು ಅವನು ಎರಡು ದೊಡ್ಡ ಮಣ್ಣಿನ ಉರುಳೆಗಳ ಮೇಲೆ ಬರೆಸಿದ್ದಾನೆ, ಅವು ಪ್ಯಾರಿಸ್ಸಿನ ಲೂವ್ರ್‌ನಲ್ಲಿವೆ. ದೇಗುಲಕ್ಕಾಗಿ ಮೆಲುಹ್ಹಾದವರು ತಮ್ಮ ನಾಡಿನಿಂದ ಬಂದರು ಎಂದು ಅದರಲ್ಲಿದೆ. ಮೆಲುಹ್ಹಾ ಎಂದರೆ ಸಿಂಧೂ ಕಣಿವೆಯ ನಾಡು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಮರ, ಕೆಂಪು ಹರಳು, ಚಿನ್ನದ ಪುಡಿ ಆ ಕಡೆಯಿಂದ ಹೋದ ಸರಕು. ಇಷ್ಟು ಸಾಲದೇ?

ಪದದ ಬೆನ್ನು
ನಾನು ನಂಟು ಹೇಳಿರಲಿಲ್ಲ, ಆಚರಣೆಯ ಹೋಲಿಕೆಯನ್ನಷ್ಟೇ ಹೇಳಿದ್ದು. ಅದನ್ನು ದಾಖಲೆಗಾಗಿ ಬರೆಯುತ್ತಿದ್ದೇನೆ. ಮೆಲುಹ್ಹಾದ ವಿಷಯ ಮಾತ್ರ ರೋಮಾಂಚನ.

ತಿಗರಿ
ನಮ್ಮದು ಕುಂಬಾರ ಮನೆತನ. ಅಜ್ಜ ತಿಗರಿ ತಿರುಗಿಸುವುದನ್ನು ನೋಡುತ್ತ ಬೆಳೆದವನು, ಈಗಲೂ ರಜೆಯಲ್ಲಿ ಮಣ್ಣು ಮುಟ್ಟದೆ ಇರಲಾರೆ. ಈ ಮೊಳೆಗಳ ಚಿತ್ರಗಳನ್ನು ಗಂಟೆಗಟ್ಟಲೆ ನೋಡಿದ್ದೇನೆ, ಆದ್ದರಿಂದ ಕೈಕೆಲಸದ ಬಗ್ಗೆ ಒಂದೆರಡು ಮಾತು.

ಬರಹ ಮೂಡಿರುವ ರೀತಿ ನೋಡಿದರೆ ಮಣ್ಣು ಅರ್ಧ ಒಣಗಿರುವಾಗ ಬರೆದದ್ದು. ಹಸಿ ಇದ್ದರೆ ಕಡ್ಡಿ ಒತ್ತಿದ ಕಡೆ ಮಣ್ಣು ಎದ್ದು ಅಂಚು ಒರಟಾಗುತ್ತದೆ. ಪೂರ್ತಿ ಒಣಗಿದ್ದರೆ ಒತ್ತು ಬೀಳುವುದೇ ಇಲ್ಲ, ಗೀಚಬೇಕಾಗುತ್ತದೆ. ಆ ನಡುವಿನ ಹದ ಬಿಸಿಲಿನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಹೀಗಾಗಿ ಮೊಳೆ ಮಾಡುವವರು ಮತ್ತು ಬರೆಯುವವರು ಒಂದೇ ಅಂಗಳದಲ್ಲಿ ಕುಳಿತಿರಬೇಕು ಎಂಬುದು ನನ್ನ ಲೆಕ್ಕ.

ಎರಡನೆಯದು, ಇಟ್ಟಿಗೆಗೆ ಅಚ್ಚು ಒತ್ತಬಹುದು. ಆ ಕಾಲದ ದೊರೆಗಳು ಇಟ್ಟಿಗೆಗಳಿಗೆ ಹೆಸರಿನ ಅಚ್ಚು ಒತ್ತಿಸಿದ್ದಾರೆ. ಶಂಕುವಿನ ಮೈ ದುಂಡು, ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ. ಅಚ್ಚು ಒಗ್ಗುವುದಿಲ್ಲ. ಎಡಗೈಯಲ್ಲಿ ಮೊಳೆಯನ್ನು ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಲಗೈಯಲ್ಲಿ ಜೊಂಡಿನ ಕಡ್ಡಿಯಿಂದ ಒತ್ತಬೇಕು. ಅದಕ್ಕೇ ಒಂದೇ ಪಾಠವಿದ್ದರೂ ಒಂದೊಂದು ಮೊಳೆಯ ಬರಹ ಒಂದೊಂದು ಕೈಯದು. ಕೆಲವರದು ಬಿಡಿಬಿಡಿಯಾದ ಸಾಲು, ಕೆಲವರು ಕೊನೆಗೆ ಜಾಗ ಸಾಲದೆ ಅಕ್ಷರಗಳನ್ನು ಇಕ್ಕಟ್ಟು ಮಾಡಿದ್ದಾರೆ. ತುಂಗಾತೀರ ಅವರ ಸೋದರಮಾವ 'ಎಲ್ಲ ಒಂದೇ' ಎನ್ನುತ್ತಾರಲ್ಲ, ಕುಂಬಾರನ ಮಗನಾಗಿ ನನಗೆ ಅದು ಒಪ್ಪಿಗೆಯಿಲ್ಲ.

ಮಲೆನಾಡಿನ ಮಳೆ
ತಿಗರಿ ಅವರ ಬರಹ ಓದಿ ಕಣ್ಣು ತುಂಬಿತು. ನಾಲ್ಕು ಸಾವಿರ ವರ್ಷ ಹಿಂದೆ ಜಾಗ ಸಾಲದೆ ಅಕ್ಷರ ಇಕ್ಕಟ್ಟು ಮಾಡಿದ ಒಬ್ಬ ಲಿಪಿಕಾರ!

ಲೆಕ್ಕದ ಮೇಷ್ಟ್ರು
ದೇಗುಲದ ವಿಷಯ ಒಂದಾಯಿತು. ನನಗೆ ಎಲ್ಲಕ್ಕಿಂತ ಇಷ್ಟವಾದ ಮೊಳೆ ಉರುಕ್‌ನ ದೊರೆ ಸಿನ್‌ಕಾಶಿದ್‌ನದು. ಕಾಲ ಕ್ರಿ.ಪೂ. 19ನೆಯ ಶತಮಾನ. ಅವನ ಅರಮನೆಯ ಮೊಳೆಗಳು ಪ್ರಪಂಚದ ನಾನಾ ಸಂಗ್ರಹಗಳಲ್ಲಿವೆ, ಆದರೆ ನಾನು ಹೇಳುವುದು ಇನ್ನೊಂದು ಪಾಠ, ದೇಗುಲ ಕಟ್ಟಿಸಿದಾಗಿನದು. ಅದರಲ್ಲಿ ಅವನು ಪೇಟೆಯ ದರವನ್ನು ಬರೆಸಿದ್ದಾನೆ! ನನ್ನ ಆಳ್ವಿಕೆಯಲ್ಲಿ ಒಂದು ಶೆಕೆಲ್ ಬೆಳ್ಳಿಗೆ 3 ಗುರ್ ಬಾರ್ಲಿ, 12 ಮಿನಾ ಉಣ್ಣೆ, 10 ಮಿನಾ ತಾಮ್ರ, 3 ಬಾನ್ ಎಣ್ಣೆ ಸಿಗುತ್ತಿತ್ತು, ನನ್ನ ವರ್ಷಗಳು ಸಮೃದ್ಧಿಯ ವರ್ಷಗಳಾಗಲಿ ಎಂಬ ಅರ್ಥದ ಸಾಲುಗಳು.

ನಮ್ಮ ಅಳತೆಗೆ ತಂದರೆ: ಶೆಕೆಲ್ ಎಂದರೆ ಸುಮಾರು 8 ಗ್ರಾಂ. ಗುರ್ ಎಂದರೆ 300 ಸಿಲಾ, ಒಂದು ಸಿಲಾ ಹೆಚ್ಚುಕಡಿಮೆ ಒಂದು ಲೀಟರ್. ಅಲ್ಲಿಗೆ 8 ಗ್ರಾಂ ಬೆಳ್ಳಿಗೆ 900 ಲೀಟರ್ ಬಾರ್ಲಿ. ಮಿನಾ ಸುಮಾರು ಅರ್ಧ ಕಿಲೋ, ಆದ್ದರಿಂದ 6 ಕಿಲೋ ಉಣ್ಣೆ ಅಥವಾ 5 ಕಿಲೋ ತಾಮ್ರ. ಬಾನ್ ಎಂದರೆ 10 ಸಿಲಾ, ಆದ್ದರಿಂದ ಎಣ್ಣೆ 30 ಲೀಟರ್. ತರಗತಿಯಲ್ಲಿ ಮಕ್ಕಳಿಗೆ ಇದೇ ಲೆಕ್ಕ ಕೊಟ್ಟಿದ್ದೆ. ಇಡೀ ವರ್ಷದಲ್ಲಿ ಅಷ್ಟು ಉತ್ಸಾಹದಿಂದ ಅವರು ಬೇರೆ ಲೆಕ್ಕವನ್ನೇ ಮಾಡಲಿಲ್ಲ.

ಸಂತೆಪೇಟೆ
ಮೇಷ್ಟ್ರೇ, ಆ ದರವನ್ನು ನಂಬಬಹುದೇ? ಗೋಡೆಯೊಳಗೆ ಹೂಳುವ ಬರಹದಲ್ಲಿ ದೊರೆ ತನ್ನ ಕಾಲದಲ್ಲಿ ಧಾನ್ಯ ತುಟ್ಟಿಯಾಗಿತ್ತು ಎಂದು ಬರೆಸುತ್ತಾನೆಯೇ?

ಲೆಕ್ಕದ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಆ ಕಾಲದ ವ್ಯವಹಾರಪತ್ರಗಳಲ್ಲಿ ಸಿಗುವ ದರ ಇದಕ್ಕಿಂತ ಬಹಳ ತುಟ್ಟಿ. ಒಂದು ಶೆಕೆಲ್‌ಗೆ ಒಂದು ಗುರ್ ಬಾರ್ಲಿ ಎಂಬುದೇ ಬಹುಕಾಲ ಸಾಮಾನ್ಯ ಲೆಕ್ಕವಾಗಿತ್ತು. ಹಾಗಾಗಿ ದೊರೆ ಬರೆಸಿದ್ದು ಆದರ್ಶದ ದರ ಎಂದೇ ಇತಿಹಾಸಕಾರರು ತಿಳಿಯುತ್ತಾರೆ. ಆದರೂ ನನಗೆ ಅದು ಅಮೂಲ್ಯ. ಒಳ್ಳೆಯ ಆಳ್ವಿಕೆ ಎಂದರೆ ಅಗ್ಗದ ಧಾನ್ಯ, ಅಗ್ಗದ ಬಟ್ಟೆ, ಅಗ್ಗದ ಎಣ್ಣೆ ಎಂದು ಅವನು ತಿಳಿದಿದ್ದ. ಯುದ್ಧ ಗೆದ್ದದ್ದನ್ನಲ್ಲ, ಸಂತೆಯ ದರವನ್ನು ದೇವರಿಗೆ ಒಪ್ಪಿಸಿದ.

ಗಡಿಯಂಚು
ಯುದ್ಧದ ಮೊಳೆಯೂ ಇದೆ. ಲೂವ್ರ್‌ನಲ್ಲಿರುವ ಎನ್‌ಮೆತೆನಾನ ಶಂಕು, ಕ್ರಿ.ಪೂ. 2400ರ ಸುಮಾರಿನದು. ಲಗಾಶ್ ಮತ್ತು ಉಮ್ಮಾ ಎಂಬ ನೆರೆಯ ಪಟ್ಟಣಗಳ ಗಡಿಜಗಳ ತಲೆತಲಾಂತರದ್ದು. ಹಿಂದೆ ಕಿಶ್‌ನ ದೊರೆ ಮೆಸಿಲಿಮ್ ಹಗ್ಗ ಹಿಡಿದು ಅಳೆದು ಗಡಿಕಲ್ಲು ನೆಟ್ಟಿದ್ದ. ಉಮ್ಮಾದವರು ಅದನ್ನು ಕಿತ್ತೆಸೆದರು. ಮತ್ತೆ ಯುದ್ಧ, ಮತ್ತೆ ಒಪ್ಪಂದ, ಮತ್ತೆ ಕಾಲುವೆಯ ನೀರಿನ ತಂಟೆ. ಉಮ್ಮಾ ತೀರಿಸಬೇಕಾದ ಬಾರ್ಲಿಯ ಸಾಲಕ್ಕೆ ಬಡ್ಡಿ ಬೆಳೆದು ಬೆಳೆದು ಯಾರಿಂದಲೂ ತೀರಿಸಲಾಗದಷ್ಟಾಯಿತು. ಇಷ್ಟೆಲ್ಲ ಒಂದು ಶಂಕುವಿನ ಮೈಮೇಲಿದೆ. ನೀರು, ಗಡಿ, ಬಾಕಿ: ಅಂದಿನಿಂದ ಇಂದಿನವರೆಗೆ ನದಿ ಹಂಚಿಕೊಂಡವರ ಜಗಳ ಬದಲಾಗಿಲ್ಲ. ನಮ್ಮ ಕಾವೇರಿಯನ್ನೇ ನೋಡಿ...

ಶಾಸನದ ಹಾದಿ
ಕಾವೇರಿಗೆ ಹೋದರೆ ನಾವು ಮತ್ತೆ ಮೊಳೆಗೆ ಮರಳುವುದಿಲ್ಲ, ಇಲ್ಲಿಗೇ ನಿಲ್ಲಿಸೋಣ ಗಡಿಯಂಚು ಅವರೇ. ಆದರೆ ಅದೇ ಎನ್‌ಮೆತೆನಾ ಜಗಳದ ಜೊತೆಗೆ ಗೆಳೆತನವನ್ನೂ ಮೊಳೆಗೆ ಏರಿಸಿದ್ದಾನೆ ಎಂಬುದನ್ನು ಸೇರಿಸಬೇಕು. ಉರುಕ್‌ನ ದೊರೆಯೊಂದಿಗೆ ತಾನು 'ಸಹೋದರತ್ವ' ಮಾಡಿಕೊಂಡೆ ಎಂದು ಬಾದ್‌ತಿಬಿರಾದ ದೇಗುಲದ ಮೊಳೆಗಳ ಮೇಲೆ ಬರೆಸಿದ. ಒಂದಲ್ಲ, ಹತ್ತಾರು ಮೊಳೆಗಳು ಸಿಕ್ಕಿವೆ. ಇಬ್ಬರು ದೊರೆಗಳ ನಡುವಿನ ಒಪ್ಪಂದದ ಅತಿ ಹಳೆಯ ದಾಖಲೆಗಳಲ್ಲಿ ಅದೂ ಒಂದು.

ಈಗ ಮೂಲ ಪ್ರಶ್ನೆ: ಮೊಳೆಯೇ ಏಕೆ? ಫಲಕವೋ ಇಟ್ಟಿಗೆಯೋ ಸಾಲದಿತ್ತೇ? ಅವರ ಹಳೆಯ ಮನೆ ಮಾರಾಟದ ಪತ್ರಗಳಲ್ಲಿ ಒಂದು ಸಾಲು ಬರುತ್ತದೆ: ಗೂಟವನ್ನು ಗೋಡೆಗೆ ಹೊಡೆಯಲಾಯಿತು, ಎಣ್ಣೆಯನ್ನು ಅದರ ಬದಿಗೆ ಸವರಲಾಯಿತು. ಆಸ್ತಿ ಕೈ ಬದಲಾಯಿತು ಎಂಬುದಕ್ಕೆ ಎಲ್ಲರೆದುರು ಮಾಡುವ ಕ್ರಿಯೆ ಅದು. ಆದ್ದರಿಂದ ಗೋಡೆಗೆ ಗೂಟ ಹೊಡೆಯುವುದು ಎಂದರೆ 'ಇದು ಇನ್ನು ಇಂಥವರದು' ಎಂದು ಸಾರುವುದು. ದೊರೆ ತಾನು ಕಟ್ಟಿದ ಮನೆಯನ್ನು ದೇವರ ಹೆಸರಿಗೆ ಮಾಡಿಕೊಟ್ಟ ಎಂದು ಓದಿದರೆ ಮೊಳೆಯ ಆಕಾರಕ್ಕೆ ಅರ್ಥ ಬರುತ್ತದೆ. ಎಲ್ಲ ವಿದ್ವಾಂಸರೂ ಇದಕ್ಕೆ ಒಪ್ಪುವುದಿಲ್ಲ, ದುಷ್ಟಶಕ್ತಿಯನ್ನು ಕಟ್ಟಿಹಾಕಲು ಮೊಳೆ ಎನ್ನುವವರೂ ಇದ್ದಾರೆ. ನನ್ನ ಒಲವು ಮೊದಲನೆಯದರ ಕಡೆಗೆ.

ಮಲೆನಾಡಿನ ಮಳೆ
ನಮ್ಮ ಮನೆಯ ಹೊಸ್ತಿಲು ಇಡುವಾಗ ಅಪ್ಪ ಅದರ ಕೆಳಗೆ ನವರತ್ನದ ಚೂರುಗಳ ಜೊತೆ ಒಂದು ತಾಮ್ರದ ತಗಡನ್ನೂ ಇಟ್ಟರು. ಅದರ ಮೇಲೆ ಮೊಳೆಯಿಂದ ಗೀಚಿ ತಮ್ಮ ಹೆಸರು, ಅಮ್ಮನ ಹೆಸರು, ಇಸವಿ ಬರೆದಿದ್ದರು. "ಯಾರು ನೋಡುತ್ತಾರಪ್ಪ?" ಎಂದು ಕೇಳಿದ್ದಕ್ಕೆ "ನೋಡುವವರು ಮನೆ ಬಿಚ್ಚುವಾಗ ನೋಡುತ್ತಾರೆ" ಎಂದಿದ್ದರು. ಅಪ್ಪ ಈಗಿಲ್ಲ. ತುಂಗಾತೀರ ಅವರ ಪ್ರಶ್ನೆ ಓದಿದಾಗ ಮೊದಲು ನೆನಪಾದದ್ದು ಆ ಮಾತು.

ಕಟ್ಟಡದ ಕೆಲಸ
ನಿಮ್ಮ ತಂದೆಯವರು ನನ್ನ ಮೂವತ್ತು ವರ್ಷದ ಅನುಭವಕ್ಕಿಂತ ಚೆನ್ನಾಗಿ ಉತ್ತರ ಕೊಟ್ಟಿದ್ದಾರೆ. ಹಸಿ ಇಟ್ಟಿಗೆಯ ಕಟ್ಟಡ ಒಂದೆರಡು ತಲೆಮಾರಿಗೆ ದುರಸ್ತಿ ಕೇಳುತ್ತದೆ. ಗೋಡೆ ಬೀಳುತ್ತದೆ ಎಂದು ಗೊತ್ತಿದ್ದೇ ಬರೆಸಿದ್ದಾರೆ.

ಶಾಸನದ ಹಾದಿ
ಹೌದು, ಮತ್ತು ಅದನ್ನು ಅವರು ಬಾಯಿಬಿಟ್ಟು ಹೇಳಿದ್ದಾರೆ. ಅಸ್ಸೀರಿಯಾದ ದೊರೆ ಒಂದನೆಯ ತಿಗ್ಲತ್‌ಪಿಲೆಸರ್ ಕ್ರಿ.ಪೂ. 1100ರ ಸುಮಾರಿಗೆ ಅಶ್ಶೂರ್ ಪಟ್ಟಣದಲ್ಲಿ ಅನು ಮತ್ತು ಅದಾದ್ ದೇವರ ಗುಡಿಯನ್ನು ಮತ್ತೆ ಕಟ್ಟಿಸಿದ. ಅವನು ಇಟ್ಟದ್ದು ಶಂಕುವಲ್ಲ, ಎಂಟು ಮುಖದ ಮಣ್ಣಿನ ಪಟ್ಟಕ. ಉದ್ದೇಶ ಮಾತ್ರ ಅದೇ. ಹಳೆಯ ಗುಡಿ ಕಟ್ಟಿ 641 ವರ್ಷವಾಗಿತ್ತು, ಅದನ್ನು ಕೆಡವಿದ ಮೇಲೆ 60 ವರ್ಷ ಯಾರೂ ತಳಪಾಯ ಹಾಕಿರಲಿಲ್ಲ ಎಂದು ಲೆಕ್ಕ ಕೊಡುತ್ತಾನೆ. ಮುಂದೆ ಬರುವ ದೊರೆ ಈ ಗುಡಿ ಹಳತಾದಾಗ ಸರಿಪಡಿಸಲಿ, ನನ್ನ ಬರಹಕ್ಕೆ ಎಣ್ಣೆ ಸವರಲಿ, ಬಲಿ ಕೊಡಲಿ, ಅದನ್ನು ಅದರ ಜಾಗದಲ್ಲೇ ಮತ್ತೆ ಇಡಲಿ ಎಂದು ಬೇಡುತ್ತಾನೆ.

ಆ ಬರಹ ಯಾರ ಕೈಗೆ ಸಿಕ್ಕಿತು ನೋಡಿ. 1857ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಇದೇ ಪಾಠವನ್ನು ರಾಲಿನ್‌ಸನ್, ಹಿಂಕ್ಸ್, ಟಾಲ್ಬಟ್, ಓಪರ್ಟ್ ಎಂಬ ನಾಲ್ವರಿಗೆ ಕೊಟ್ಟು, ಒಬ್ಬರದನ್ನು ಒಬ್ಬರು ನೋಡದೆ ಅನುವಾದಿಸಿ ಮೊಹರು ಮಾಡಿ ಕಳುಹಿಸಲು ಹೇಳಿತು. ಬಿಚ್ಚಿ ಹೋಲಿಸಿದಾಗ ನಾಲ್ಕೂ ಮುಖ್ಯ ಅಂಶಗಳಲ್ಲಿ ತಾಳೆಯಾದವು. ಅಕ್ಕಾಡಿಯನ್ ಬರಹವನ್ನು ಓದಬಹುದು ಎಂದು ಜಗತ್ತು ನಂಬಿದ್ದು ಆ ದಿನ. ತಳಪಾಯದಲ್ಲಿ ಹೂತಿಟ್ಟ ಬರಹವೇ ಇಡೀ ಒಂದು ನಾಗರಿಕತೆಯ ಬಾಯಿ ತೆರೆಸಿತು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಪದದ ಬೆನ್ನು
ಬಾಬಿಲೋನಿನ ಕೊನೆಯ ದೊರೆ ನಬೊನಿಡಸ್ ಕೂಡ ಹಳೆಯ ತಳಪಾಯಗಳನ್ನು ಅಗೆಸಿ ಹಿಂದಿನ ದೊರೆಗಳ ಬರಹ ಹುಡುಕಿಸುತ್ತಿದ್ದ ಅಲ್ಲವೇ?

ಬೆಣೆಲಿಪಿ
ಹೌದು. ಸಿಪ್ಪರ್ ಪಟ್ಟಣದಲ್ಲಿ ಅಕ್ಕಾಡ್‌ನ ಹಳೆಯ ದೊರೆ ನರಾಮ್‌ಸಿನ್‌ನ ತಳಪಾಯದ ಬರಹ ಸಿಕ್ಕಿತೆಂದು ಸಂಭ್ರಮದಿಂದ ಬರೆಸಿದ್ದಾನೆ. 3,200 ವರ್ಷ ಯಾರೂ ನೋಡಿರಲಿಲ್ಲ ಎಂದ. ನಿಜದಲ್ಲಿ 1,700 ವರ್ಷದ ಆಸುಪಾಸು. ಅವನ ಮಗಳು ಎನ್ನಿಗಲ್ದಿನನ್ನಾ ಊರ್ ಪಟ್ಟಣದಲ್ಲಿ ಚಂದ್ರದೇವನ ಪೂಜಾರಿಣಿ. ಅವಳ ವಾಸದ ಕಟ್ಟಡವನ್ನು 1925ರಲ್ಲಿ ಲಿಯೊನಾರ್ಡ್ ವೂಲಿ ಅಗೆದಾಗ ಒಂದೇ ಕೋಣೆಯ ನೆಲದ ಮೇಲೆ ಬೇರೆ ಬೇರೆ ಶತಮಾನಗಳ ವಸ್ತುಗಳು ಒಟ್ಟಿಗೆ ಸಿಕ್ಕವು: ಒಂದು ಗಡಿಕಲ್ಲು, ಶುಲ್ಗಿ ದೊರೆಯ ಹೆಸರಿದ್ದ ಮೂರ್ತಿಯ ತುಂಡು, ಮತ್ತು ಲಾರ್ಸಾ ದೊರೆಯೊಬ್ಬನ ಮಣ್ಣಿನ ಶಂಕು! ಹಳೆಯ ಇಟ್ಟಿಗೆಯೊಂದರ ಬರಹದ ನಕಲು ಮಾಡಿ, ಅದು ಎಲ್ಲಿ ಸಿಕ್ಕಿತೆಂದು ಬರೆದ ಮಣ್ಣಿನ ಚೀಟಿಯೂ ಇತ್ತು. ಜಗತ್ತಿನ ಮೊದಲ ವಸ್ತುಸಂಗ್ರಹಾಲಯ ಎಂದು ವೂಲಿ ಅದನ್ನು ಕರೆದ. ಇದಕ್ಕೆ ಎಲ್ಲರ ಒಪ್ಪಿಗೆಯಿಲ್ಲ, ಆದರೆ ಆ ಶಂಕು ಆಗಲೇ ಸಾವಿರ ವರ್ಷಕ್ಕೂ ಹಳೆಯದಾಗಿತ್ತು ಎಂಬುದು ನಿಜ.

ಹಳೆ ನಾಣ್ಯ
ಎಲ್ಲ ಸರಿ, ಆದರೆ ತುಂಗಾತೀರ ಅವರ ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾನು ಸಂಗ್ರಾಹಕ. ಸಂಗ್ರಾಹಕರೆಲ್ಲ ಕಳ್ಳರು ಎಂಬಂತೆ ಮಾತಾಡುವುದು ಸರಿಯಲ್ಲ. ಎಡ್ಗರ್ ಬ್ಯಾಂಕ್ಸ್ ಎಂಬ ಅಮೆರಿಕದವನು 20ನೆಯ ಶತಮಾನದ ಆರಂಭದಲ್ಲಿ ಸಿನ್‌ಕಾಶಿದ್‌ನ ಮೊಳೆಗಳನ್ನು, ಫಲಕಗಳನ್ನು ಅಂಚೆಯಲ್ಲೇ ಮಾರಿದ. ಅಮೆರಿಕದ ಎಷ್ಟೋ ಕಾಲೇಜು, ಗ್ರಂಥಾಲಯಗಳಲ್ಲಿ ಅವು ಇವೆ. ನೂರು ವರ್ಷದಿಂದ ಮನೆಯೊಂದರ ಕಪಾಟಿನಲ್ಲಿದ್ದ ಮೊಳೆ ಹರಾಜಿಗೆ ಬಂದರೆ ಕೊಳ್ಳುವುದರಲ್ಲಿ ಏನು ತಪ್ಪು? ಅದನ್ನು ಪ್ರೀತಿಯಿಂದ ಕಾಪಾಡುವವರು ನಾವು.

ಶಾಸನದ ಹಾದಿ
ನಿಮ್ಮ ಪ್ರೀತಿಯ ಬಗ್ಗೆ ಅನುಮಾನವಿಲ್ಲ. ಆದರೆ ಬ್ಯಾಂಕ್ಸ್ ಮಾರುವ ಹೊತ್ತಿಗೆ ಅಲ್ಲಿ ಆಟೊಮನ್ ಆಳ್ವಿಕೆ ಇತ್ತು, ಅಗೆದು ತೆಗೆದದ್ದೆಲ್ಲ ಸರ್ಕಾರದ್ದು, ಹೊರಗೆ ಸಾಗಿಸುವಂತಿಲ್ಲ ಎಂಬ ಕಾನೂನು 1884ರಲ್ಲೇ ಬಂದಿತ್ತು. 2003ರ ಮೇ ತಿಂಗಳ ವಿಶ್ವಸಂಸ್ಥೆಯ 1483ನೆಯ ನಿರ್ಣಯದ ಪ್ರಕಾರ 1990ರ ಆಗಸ್ಟ್ 6ರ ನಂತರ ಇರಾಕಿನಿಂದ ಅಕ್ರಮವಾಗಿ ಹೊರಬಂದ ವಸ್ತುಗಳ ವ್ಯಾಪಾರ ನಿಷಿದ್ಧ. 'ಹಳೆಯ ಯುರೋಪಿಯನ್ ಸಂಗ್ರಹ' ಎಂಬ ಮೂರು ಪದ ಯಾರು ಬೇಕಾದರೂ ಬರೆಯಬಹುದು. ಕಾಗದಪತ್ರ ಎಲ್ಲಿದೆ?

ಹಳೆ ನಾಣ್ಯ
ಕಾಗದಪತ್ರ ಕೇಳಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಸಂಗ್ರಾಹಕರನ್ನೆಲ್ಲ ಒಂದೇ ಗಾಡಿಗೆ ಕಟ್ಟುವುದಕ್ಕೆ ಮಾತ್ರ.

ನಾಸಿರಿಯಾ ನೆನಪು
ಬಸ್ರಾದ ತೈಲ ಕ್ಷೇತ್ರದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಒಂದು ರಜೆಯಲ್ಲಿ ಊರ್ ನೋಡಲು ನಾಸಿರಿಯಾಕ್ಕೆ ಹೋಗಿದ್ದೆವು. ದಾರಿಯಲ್ಲಿ ಗಾಡಿ ಓಡಿಸುತ್ತಿದ್ದ ಇರಾಕಿ ಗೆಳೆಯ ದೂರದ ದಿಬ್ಬವೊಂದನ್ನು ತೋರಿಸಿ, ಯುದ್ಧದ ವರ್ಷಗಳಲ್ಲಿ ರಾತ್ರಿ ಲಾಟೀನು ಹಿಡಿದು ಜನ ಅಗೆಯುತ್ತಿದ್ದುದನ್ನು ಹೇಳಿದ. ದಿಬ್ಬದ ಮೈತುಂಬ ಗುಂಡಿ, ಸಿಡುಬಿನ ಕಲೆಯಂತೆ. ಅಗೆದವರು ಬಡವರು, ಅವರಿಗೆ ಸಿಕ್ಕಿದ್ದು ಪುಡಿಗಾಸು ಎಂದು ಅವನೇ ಹೇಳಿದ. "ಕೊಳ್ಳುವವರು ಇಲ್ಲದಿದ್ದರೆ ಯಾರು ಅಗೆಯುತ್ತಿದ್ದರು?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ.

ಲಂಡನ್ ಕನ್ನಡತಿ
ತುಂಗಾತೀರ ಮೇಡಂ, ನಿಮ್ಮ ಸೋದರಮಾವನವರಿಗೆ ಈ ನಿಜಕಥೆ ಹೇಳಿ. ನಾನಿರುವ ಊರಿನಲ್ಲೇ ನಡೆದದ್ದು.

2003ರ ಮೇ ತಿಂಗಳಿನಲ್ಲಿ ಲಂಡನ್ ಪೊಲೀಸರು ಒಬ್ಬ ವ್ಯಾಪಾರಿಯಿಂದ ಎಂಟು ಪುರಾತನ ವಸ್ತುಗಳನ್ನು ವಶಪಡಿಸಿಕೊಂಡರು. ಅವನ ಬಳಿ ಯಾವ ದಾಖಲೆಯೂ ಇರಲಿಲ್ಲ. ವಸ್ತುಗಳು ಹದಿನೈದು ವರ್ಷ ಪೊಲೀಸರ ಬಳಿಯೇ ಉಳಿದವು. 2018ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ತೋರಿಸಿದಾಗ ಅವುಗಳಲ್ಲಿ ಮೂರು ಮಣ್ಣಿನ ಶಂಕುಗಳಿದ್ದವು. ಮೂರರ ಮೇಲೂ ಒಂದೇ ಪಾಠ, ಬೆಣೆಲಿಪಿ ಅವರು ಮೇಲೆ ಕೊಟ್ಟ ಗುಡೇಯಾನ ಎನಿನ್ನು ದೇಗುಲದ್ದು. ಅದೇ ಸಮಯಕ್ಕೆ ಬ್ರಿಟಿಷ್ ಮ್ಯೂಸಿಯಮ್ಮಿನವರು ಇರಾಕಿ ಪುರಾತತ್ವಜ್ಞರಿಗೆ ತರಬೇತಿ ಕೊಡುತ್ತ ತೆಲ್ಲೋದಲ್ಲಿ, ಅಂದರೆ ಹಳೆಯ ಗಿರ್ಸುವಿನಲ್ಲೇ, ಆ ದೇಗುಲವನ್ನು ಅಗೆಯುತ್ತಿದ್ದರು. ಗೋಡೆಯಲ್ಲಿ ಶಂಕು ಕೂರಿಸಿದ್ದ ಕುಳಿಗಳು ಕಂಡವು. ಕಳ್ಳರು ತೋಡಿದ ಗುಂಡಿಗಳ ಪಕ್ಕದಲ್ಲಿ ಅವರು ಬಿಸಾಡಿಹೋದ ಒಡಕು ಶಂಕುಗಳು ಸಿಕ್ಕವು. ಅವುಗಳ ಮೇಲೂ ಅದೇ ಪಾಠ. ಬರಹ ದೇಗುಲದ ಹೆಸರನ್ನೇ ಹೇಳುತ್ತಿದೆ, ಇನ್ನೇನು ಬೇಕು? ಆ ಆಗಸ್ಟ್ 10ರಂದು ಎಂಟೂ ವಸ್ತುಗಳನ್ನು ಇರಾಕಿನ ರಾಯಭಾರಿಗೆ ಒಪ್ಪಿಸಿದರು.

ಒಂದೇ ಬರಹ ನೂರಾರು ಮೊಳೆಗಳ ಮೇಲಿದೆ, ಆದ್ದರಿಂದ ಒಂದು ಹೋದರೆ ನಷ್ಟವಿಲ್ಲ ಎನ್ನುವುದು ತಲೆಕೆಳಗಾದ ಮಾತು. ಆ ಮೂರನ್ನು ಮನೆಗೆ ಮುಟ್ಟಿಸಿದ್ದೇ ಒಂದೇ ಬರಹ ನೂರಾರರ ಮೇಲೆ ಇದ್ದದ್ದು. ಗೋಡೆಯ ಯಾವ ವರಸೆಯಲ್ಲಿ, ಯಾವ ದಿಕ್ಕಿನಲ್ಲಿ, ಎಷ್ಟು ದೂರಕ್ಕೊಂದರಂತೆ ಇದ್ದವು ಎಂಬುದು ಮಾತ್ರ ಕಿತ್ತ ಮೊಳೆಯಿಂದ ಎಂದಿಗೂ ತಿಳಿಯುವುದಿಲ್ಲ. ಕಳ್ಳ ಕದ್ದದ್ದು ಅದನ್ನು.

ತಿಗರಿ
ಆ ಪಾಠದ ಕೊನೆಯ ಸಾಲನ್ನು ಮತ್ತೆ ಓದಿ: 'ಅದರ ನೆಲೆಗೆ ಮರಳಿಸಿದನು'.

ಬೆಣೆಲಿಪಿ
ಸುಮೇರಿಯನ್ನಿನಲ್ಲಿ 'ಕಿಬಿ ಮುನಗಿ'. ಕಿ ಎಂದರೆ ನೆಲ, ಜಾಗ. ಗುಡೇಯಾ ಅದನ್ನು ದೇಗುಲದ ಬಗ್ಗೆ ಬರೆಸಿದ್ದು. ಆದರೂ ತಿಗರಿ ಅವರು ತೋರಿಸಿದ ಮೇಲೆ ನಾನು ಆ ಸಾಲನ್ನು ಮೊದಲಿನಂತೆ ಓದಲಾರೆ.

ಹಳೆ ನಾಣ್ಯ
ಲಂಡನ್ನಿನ ಆ ಪ್ರಕರಣ ನನಗೆ ತಿಳಿದಿರಲಿಲ್ಲ. ನನ್ನ ಬಳಿ ಒಂದು ಮಣ್ಣಿನ ಫಲಕವಿದೆ, ಎಂಬತ್ತರ ದಶಕದಲ್ಲಿ ಹಿರಿಯರೊಬ್ಬರಿಂದ ಪಡೆದದ್ದು. ಅದರ ಚಿತ್ರ ತೆಗೆದು ಓದಬಲ್ಲವರಿಗೆ ಕಳುಹಿಸುತ್ತೇನೆ. ಎಲ್ಲಿಯದು ಎಂದು ಗೊತ್ತಾದರೆ ಮುಂದಿನದು ಆಮೇಲೆ.

ತುಂಗಾತೀರ
ಎಲ್ಲರಿಗೂ ಮನಸಾರೆ ನಮಸ್ಕಾರ. ನಿನ್ನೆ ರಾತ್ರಿ ಮಾವನಿಗೆ ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದೆ. ಮೊದಲು ಬೇಸರಪಟ್ಟರು, ಆಮೇಲೆ ಮಾರುವವರಿಗೆ ಪತ್ರ ಬರೆದು, ಈ ಮೊಳೆ ಯಾವ ವರ್ಷ ಇರಾಕಿನಿಂದ ಹೊರಬಂತು ಎಂಬುದಕ್ಕೆ ದಾಖಲೆ ಕೇಳಿದರು. ಬೆಳಗ್ಗೆ ಬಂದ ಉತ್ತರದಲ್ಲಿ ಇದ್ದದ್ದು 'ಹಳೆಯ ಯುರೋಪಿಯನ್ ಸಂಗ್ರಹ' ಎಂಬ ಮೂರೇ ಪದ. ಮಾವ ಕೈಬಿಟ್ಟರು.

ಈಗ ಅವರದೇ ಒಂದು ಪ್ರಶ್ನೆ: ಸಿನ್‌ಕಾಶಿದ್‌ನ ಆ ದರದ ಮೊಳೆಯ ಪೂರ್ತಿ ಪಾಠ ಬೇಕಂತೆ. ಬ್ಯಾಂಕಿನಲ್ಲಿ ನಲವತ್ತು ವರ್ಷ ದುಡಿದವರು. ಬೆಣೆಲಿಪಿ ಅವರು ಕನ್ನಡಕ್ಕೆ ತಂದುಕೊಡಬಹುದೇ?

ಬೆಣೆಲಿಪಿ
ಭಾನುವಾರದೊಳಗೆ ಹಾಕುತ್ತೇನೆ. ಲೆಕ್ಕದ ಮೇಷ್ಟ್ರು ಅಳತೆಗಳನ್ನು ಒಮ್ಮೆ ನೋಡಿಕೊಡಲಿ.